ಬಾಗುಬಾಯಿಯ ಉಳಿ ಸರಿಯಾಗಿ ಕೊರೆಯದಿದ್ದಾಗ: ದೋಷವನ್ನು ಪತ್ತೆ ಹಚ್ಚುವ ಕ್ರಮ

ಮರಗೆತ್ತನೆಯ ಗೌಜ್, ಅಂದರೆ ಬಾಗುಬಾಯಿಯ ಉಳಿ, ಸರಿಯಾಗಿ ಕೊರೆಯದಿದ್ದಾಗ ಅದನ್ನು ಸಾಣೆಕಲ್ಲಿನ ಮೇಲೆ ಇನ್ನಷ್ಟು ಉಜ್ಜುವುದೇ ಹೊಸದಾಗಿ ಕಲಿಯುವವರಿಗೆ ಮೊದಲು ಹೊಳೆಯುವ ಉಪಾಯ. ಚಪ್ಪಟೆ ಉಳಿಗೆ ಈ ಉಪಾಯ ಬಹಳಷ್ಟು ಸಲ ಫಲಿಸುತ್ತದೆ. ಏಕೆಂದರೆ ಅದರ ಓರೆಮುಖ, ಅಂದರೆ ಅಂಚಿನ ಕಡೆಗೆ ಇಳಿಜಾರಾಗಿ ಸವೆಸಿದ ಮೈ, ಕಲ್ಲಿನ ಮೇಲೆ ತಾನಾಗಿಯೇ ಕೂರುತ್ತದೆ ಮತ್ತು ಅಂಚಿನ ಉದ್ದಕ್ಕೂ ಹೆಚ್ಚುಕಡಿಮೆ ಒಂದೇ ಸಮನಾಗಿ ಸವೆಯುತ್ತದೆ. ಗೌಜ್‌ನ ಓರೆಮುಖ ಬಾಗಿರುವುದರಿಂದ ಯಾವುದೇ ಕ್ಷಣದಲ್ಲಿ ಅದರ ಒಂದು ಕಿರಿದಾದ ಪಟ್ಟಿ ಮಾತ್ರ ಕಲ್ಲಿಗೆ ತಾಗುತ್ತದೆ. ಉಳಿದದ್ದೆಲ್ಲ ಮಣಿಕಟ್ಟಿನ ತಿರುವಿಗೆ ಬಿಟ್ಟದ್ದು. ದೋಷ ಎಲ್ಲಿದೆಯೆಂದು ತಿಳಿಯದೆ ಉಜ್ಜುತ್ತಾ ಹೋದರೆ ಒಂದೆಡೆ ಹೆಚ್ಚು, ಇನ್ನೊಂದೆಡೆ ಕಡಿಮೆ ಸವೆದು, ಕೆಲವೇ ನಿಮಿಷಗಳಲ್ಲಿ ಸರಿಹೋಗಬಹುದಾಗಿದ್ದ ಮೊಂಡುತನವು ಬಾಯಿಯ ಆಕಾರವನ್ನೇ ಕೆಡಿಸುವ ದೋಷವಾಗಿ ಬೆಳೆಯುತ್ತದೆ. ಆದ್ದರಿಂದ ಇಲ್ಲಿ ಪರೀಕ್ಷೆಯ ಕ್ರಮವನ್ನು ಮೊದಲು ಮರ, ಆಮೇಲೆ ಬೆಳಕು, ಆಮೇಲೆ ಬಾಯಿಯ ಆಕಾರ, ಆ ನಂತರವೇ ಕಲ್ಲು ಎಂದು ಇಟ್ಟುಕೊಳ್ಳಲಾಗಿದೆ.

ಉಳಿಯದಲ್ಲದ ದೋಷಗಳು

ಉಳಿಯ ಮೇಲೆ ಅನುಮಾನ ಪಡುವ ಮುನ್ನ ಎರಡು ಸಂಗತಿಗಳನ್ನು ಬದಿಗಿಡಬೇಕು. ಮೊದಲನೆಯದು ಆಳದ್ದು. ಗೌಜ್‌ನ ಎರಡೂ ಮೂಲೆಗಳು ಮರದ ಮೇಲ್ಮೈಗಿಂತ ಮೇಲೆ ಕಾಣುತ್ತಿರುವಷ್ಟು ಹೊತ್ತು ಮಾತ್ರ ಅದು ನಾರನ್ನು ಕತ್ತರಿಸುತ್ತದೆ. ಮೂಲೆಗಳು ಮರದೊಳಗೆ ಹೂತುಹೋದರೆ ಹೊಟ್ಟಿನ ಎರಡು ಪಕ್ಕಗಳನ್ನು ಕತ್ತರಿಸುವ ಅಂಚೇ ಇಲ್ಲವಾಗಿ, ಅಲ್ಲಿನ ನಾರು ಹರಿದೇ ಬರಬೇಕಾಗುತ್ತದೆ. ಇಂತಹ ಹರಕು ಎಷ್ಟು ಮಸೆದರೂ ಹೋಗದು. ಕಡಿಮೆ ಆಳಕ್ಕೆ ಕೊರೆಯುವುದು ಅಥವಾ ಹೆಚ್ಚು ಬಾಗಿದ ಉಳಿಯನ್ನು ತೆಗೆದುಕೊಳ್ಳುವುದೇ ಅದಕ್ಕೆ ಪರಿಹಾರ.

ಎರಡನೆಯದು ನಾರಿನ ದಿಕ್ಕು. ನಾರಿಗೆ ಓರೆಯಾಗಿ ಒಂದು ಗೆರೆ ಕೊರೆದಾಗ ಗೆರೆಯ ಒಂದು ಪಕ್ಕ ನಾರಿನ ಜೊತೆಗೂ ಇನ್ನೊಂದು ಪಕ್ಕ ನಾರಿಗೆ ವಿರುದ್ಧವಾಗಿಯೂ ಸಾಗುತ್ತದೆ. ಒಂದೇ ಪಕ್ಕ ಒರಟಾಗಿದ್ದು, ನಾರಿಗೆ ಇನ್ನೊಂದು ಬದಿಗೆ ಓರೆಯಾಗಿ ಮತ್ತೊಂದು ಗೆರೆ ಕೊರೆದಾಗ ಆ ಒರಟು ಉಳಿಯ ಇನ್ನೊಂದು ಮೂಲೆಯ ಪಕ್ಕಕ್ಕೆ ಬಂದರೆ ಉಳಿಯಲ್ಲಿ ಏನೂ ತಪ್ಪಿಲ್ಲ. ಓರೆ ಬದಲಿಸಿದ ಮೇಲೂ ಒರಟು ಉಳಿಯ ಅದೇ ಮೂಲೆಯನ್ನು ಹಿಂಬಾಲಿಸಿದರೆ ಮಾತ್ರ ಆ ಮೂಲೆಯನ್ನು ನೋಡಬೇಕು.

ಈ ಎರಡನ್ನೂ ತಪ್ಪಿಸಲು ಪರೀಕ್ಷೆಗೆಂದೇ ಒಂದು ತುಂಡನ್ನು ಇಟ್ಟುಕೊಳ್ಳುವುದು ಒಳ್ಳೆಯದು. ಪೈನ್‌ನಂತಹ ಮೆದುವಾದ ಮರದಲ್ಲಿ, ನಾರಿಗೆ ಅಡ್ಡಲಾಗಿ, ಆಳವಿಲ್ಲದ ಒಂದು ಗೆರೆಯನ್ನು ಕೈಯಿಂದಲೇ ತಳ್ಳಿ ಕೊರೆಯಬೇಕು. ಗಟ್ಟಿ ಮರ ಅರೆಮೊಂಡಾದ ಉಳಿಗೂ ಹೊಳಪು ಕೊಟ್ಟು ಮೋಸ ಮಾಡುತ್ತದೆ. ಮೆದು ಮರದ ನಾರು ಹಾಗಲ್ಲ: ಅಂಚು ಸ್ವಲ್ಪ ಮೊಂಡಾಗಿದ್ದರೂ ಕತ್ತರಿಸಿಕೊಳ್ಳುವ ಮೊದಲೇ ಬಾಗಿ ಜಜ್ಜಿಹೋಗುತ್ತದೆ.

ಕೊರೆದ ಗೆರೆ ಹೇಳುವುದೇನು

ಹರಿತವಾದ ಉಳಿ ನಾರಿಗೆ ಅಡ್ಡಲಾಗಿ ಕೊರೆದ ಗೆರೆಯ ತಳ ನಯವಾಗಿದ್ದು, ಓರೆಯಾಗಿ ಬೆಳಕಿಗೆ ಹಿಡಿದಾಗ ಸ್ವಲ್ಪ ಹೊಳೆಯುತ್ತದೆ. ತಳ ಮಾಸಲಾಗಿ, ಬೆರಳಿಗೆ ಪುಡಿಪುಡಿಯಾಗಿ ಹತ್ತಿದರೆ ಬಾಯಿ ಪೂರ್ತಿ ಮೊಂಡಾಗಿದೆ. ತಳದ ಮಧ್ಯ ನಯವಾಗಿದ್ದು ಪಕ್ಕಗಳು ಮಾತ್ರ ಮಾಸಲಾಗಿದ್ದರೆ ಕಲ್ಲು ಮಧ್ಯವನ್ನು ಮುಟ್ಟಿದೆ, ಮೂಲೆಗಳ ಕಡೆಗೆ ಹೋಗಿಲ್ಲ.

ಗೆರೆಯ ಉದ್ದಕ್ಕೂ ಎಳೆದಂತಹ ಒಂದು ತೆಳ್ಳನೆಯ ಬಿಳಿ ಗೀಟು ಕಂಡರೆ ಬಾಯಿಯಲ್ಲಿ ಒಂದು ಮುಕ್ಕು ಇದೆ ಎಂದು ಖಚಿತವಾಗಿ ತಿಳಿಯಬಹುದು. ಅಂಚಿನಲ್ಲಿ ಉಕ್ಕು ಉದುರಿಹೋದ ಕಡೆ ಮರ ಕತ್ತರಿಸಿಕೊಳ್ಳದೆ ಸಣ್ಣ ಏಣಿನಂತೆ ಉಳಿಯುತ್ತದೆ, ಉಳಿಯುವ ಆ ನಾರು ಜಜ್ಜಿಹೋಗಿರುವುದರಿಂದ ಬೆಳ್ಳಗೆ ಕಾಣುತ್ತದೆ. ಕಣ್ಣಿಗೆ ಕಾಣದಷ್ಟು ಚಿಕ್ಕದಾದ ಮುಕ್ಕನ್ನೂ ಮರ ತೋರಿಸಿಕೊಡುತ್ತದೆ. ಉಳಿಯನ್ನು ಗೆರೆಯ ಕೊನೆಯಲ್ಲಿ ಹಾಗೆಯೇ ನಿಲ್ಲಿಸಿ, ಗೀಟು ಬಾಯಿಯನ್ನು ಸೇರುವ ಜಾಗಕ್ಕೆ ನೇರವಾಗಿ ಉಳಿಯ ಒಳಮೈಯಲ್ಲಿ ಮಾರ್ಕರ್ ಪೆನ್ನಿನಿಂದ ಒಂದು ಗುರುತು ಹಾಕಿಕೊಂಡರೆ ಮುಂದಿನ ಹುಡುಕಾಟ ಸುಲಭವಾಗುತ್ತದೆ.

ಬೆಳಕಿನ ಪರೀಕ್ಷೆ

ಒಂದೇ ದೀಪದ ಕೆಳಗೆ, ಉಳಿಯ ಬಾಯಿಯನ್ನು ಕಣ್ಣಿನ ಕಡೆಗೆ ತಿರುಗಿಸಿ ಹಿಡಿದು, ಅಂಚನ್ನು ನೇರವಾಗಿ ನೋಡಬೇಕು. ಹರಿತವಾದ ಅಂಚಿಗೆ ಬೆಳಕನ್ನು ಪ್ರತಿಫಲಿಸುವಷ್ಟು ಅಗಲವಿಲ್ಲ, ಆದ್ದರಿಂದ ಅದು ಕಾಣುವುದೇ ಇಲ್ಲ. ಮೊಂಡಾದ ಅಂಚು ಬೆಳ್ಳಗೆ ಮಿನುಗುತ್ತದೆ. ಬಾಯಿ ಬಾಗಿರುವುದರಿಂದ ಅದರ ಎಲ್ಲ ಭಾಗವೂ ಒಟ್ಟಿಗೆ ಬೆಳಕಿಗೆ ಸಿಗದು. ಉಳಿಯನ್ನು ಅದರ ಅಕ್ಷದ ಮೇಲೆ ನಿಧಾನವಾಗಿ ಹೊರಳಿಸುತ್ತಾ ಹೋದರೆ ಮಿಂಚು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ನಡೆದುಹೋಗುತ್ತದೆ. ಅದು ಎಲ್ಲಿ ದಪ್ಪವಾಗುತ್ತದೆ, ಎಲ್ಲಿ ಇಲ್ಲವಾಗುತ್ತದೆ, ಎಲ್ಲಿ ಚುಕ್ಕೆಯಾಗಿ ನಿಲ್ಲುತ್ತದೆ ಎಂಬುದನ್ನು ಗಮನಿಸಬೇಕು. ಉದ್ದಕ್ಕೂ ಒಂದೇ ದಪ್ಪದ ಗೆರೆ ಕಂಡರೆ ಅದು ಬಳಕೆಯಿಂದ ಬಂದ ಸಹಜ ಮೊಂಡುತನ, ನಯವಾದ ಕಲ್ಲಿನಿಂದಲೇ ಹೋಗುತ್ತದೆ. ಬಿಡಿ ಚುಕ್ಕೆಗಳೆಲ್ಲ ಮುಕ್ಕುಗಳು. ಒಂದೆಡೆ ದಪ್ಪವಾಗಿದ್ದು ಇನ್ನೊಂದೆಡೆ ಪೂರ್ತಿ ಮಾಯವಾಗುವ ಗೆರೆ ಮಾತ್ರ ಮಸೆಯುವ ಕೈಯ ದೋಷವನ್ನು ಹೇಳುತ್ತದೆ. ಭೂತಗನ್ನಡಿ ಇದ್ದರೆ ಅನುಕೂಲ, ಇಲ್ಲದಿದ್ದರೂ ನಡೆಯುತ್ತದೆ. ಹರಿತವನ್ನು ಹೆಬ್ಬೆರಳನ್ನು ಅಂಚಿನ ಉದ್ದಕ್ಕೂ ಎಳೆದು ನೋಡುವ ಅಭ್ಯಾಸವನ್ನು ಮಾತ್ರ ಬಿಟ್ಟುಬಿಡಬೇಕು. ಅದರಿಂದ ಗಾಯವಾಗುತ್ತದೆಯೇ ಹೊರತು ದೋಷದ ಜಾಗ ತಿಳಿಯುವುದಿಲ್ಲ.

ಬಾಯಿಯ ಆಕಾರ

ಉಳಿಯ ಒಳಮೈಯನ್ನು ಮೇಲಕ್ಕೆ ಮಾಡಿ, ಮೇಲಿನಿಂದ ನೋಡಿದಾಗ, ಸಾಮಾನ್ಯ ಕೆಲಸದ ಗೌಜ್‌ನ ಬಾಯಿ ಅದರ ಉದ್ದಕ್ಕೆ ಲಂಬವಾದ ಒಂದು ನೇರ ಗೆರೆಯಂತೆ ಕಾಣಬೇಕು. ಮೂಲೆಗಳು ಹಿಂದೆ ಸರಿದು ಬಾಯಿ ಉಗುರಿನಂತೆ ದುಂಡಗಾಗಿರುವುದು ಒಂದು ದೋಷ, ಮಧ್ಯ ಒಳಗೆ ಸರಿದು ಮೂಲೆಗಳು ಮುಂದೆ ಚಾಚಿರುವುದು ಇನ್ನೊಂದು, ಅಂಚು ಅಲೆಅಲೆಯಾಗಿರುವುದು ಮೂರನೆಯದು. ಕೆಲವು ಕೆಲಸಗಳಿಗೆ ಬೇಕೆಂದೇ ದುಂಡನೆಯ ಬಾಯಿ ಮಾಡಿಕೊಳ್ಳುವವರಿದ್ದಾರೆ. ಕಲಿಯುವ ಹಂತದಲ್ಲಿ ನೇರ ಬಾಯಿಯೇ ಇರಲಿ, ಏಕೆಂದರೆ ಅದರಲ್ಲಿ ತಪ್ಪು ಬೇಗ ಎದ್ದು ಕಾಣುತ್ತದೆ.

ದುಂಡಗಾದ ಮೂಲೆಗಳು ಎಲ್ಲಕ್ಕಿಂತ ಹೆಚ್ಚಾಗಿ ಕಾಣಸಿಗುವ ದೋಷ, ಅದರ ಕಾರಣವೂ ಸರಳ. ಗೌಜ್ ಅನ್ನು ಕಲ್ಲಿನ ಉದ್ದಕ್ಕೆ ಅಡ್ಡವಾಗಿ ಹಿಡಿದು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಸರಿಸುತ್ತಾ ಹೊರಳಿಸುವಾಗ, ದಿಕ್ಕು ಬದಲಾಗುವ ಎರಡು ತುದಿಗಳಲ್ಲಿ ಕೈ ನಿಧಾನವಾಗುತ್ತದೆ, ಒತ್ತಡ ಹೆಚ್ಚುತ್ತದೆ, ಮತ್ತು ಸರಿಯಾಗಿ ಅದೇ ಹೊತ್ತಿಗೆ ಕಲ್ಲಿನ ಮೇಲೆ ಇರುವುದು ಉಳಿಯ ಮೂಲೆ. ಸಾಲದ್ದಕ್ಕೆ ಮೂಲೆಯೂ ತಾಗಲಿ ಎಂಬ ಆಸೆಯಿಂದ ಮಣಿಕಟ್ಟನ್ನು ಬೇಕಾದದ್ದಕ್ಕಿಂತ ಹೆಚ್ಚು ತಿರುಗಿಸಿದರೆ ಓರೆಮುಖ ಮುಗಿದು ಮೂಲೆಯ ಚೂಪೇ ಕಲ್ಲಿಗೆ ಬಡಿಯುತ್ತದೆ. ಮೂಲೆಗೆ ಬರುವ ಸ್ವಲ್ಪ ಮೊದಲೇ ಹೊರಳುವಿಕೆಯನ್ನು ನಿಲ್ಲಿಸಿ, ಒತ್ತಡವನ್ನು ಸಡಿಲಿಸಿ ಹಿಂದಿರುಗುವುದೇ ಇದಕ್ಕೆ ಮದ್ದು.

ಮಧ್ಯ ಒಳಸರಿದಿರುವುದು ಇದರ ತದ್ವಿರುದ್ಧ: ಹೊರಳಿಸುವುದು ಸಾಲದೆ ಮಧ್ಯದಲ್ಲೇ ಸವೆತ ಕೂಡಿಕೊಂಡಿದೆ. ಎಷ್ಟು ಹೊರಳಿಸಬೇಕು ಎಂಬುದು ಉಳಿಯ ಬಾಗನ್ನು ಅನುಸರಿಸುತ್ತದೆ. ಗೌಜ್‌ಗಳ ಬಾಗನ್ನು ಸಂಖ್ಯೆಯಿಂದ ಸೂಚಿಸುವ ಶೆಫೀಲ್ಡ್ ಪಟ್ಟಿಯ ಪ್ರಕಾರ 3ನೆಯ ಸಂಖ್ಯೆಯ ಗೌಜ್ ಬಹುತೇಕ ಚಪ್ಪಟೆ, 9ನೆಯದು ಅರ್ಧವೃತ್ತ. ಅಂದರೆ ಮೊದಲನೆಯದಕ್ಕೆ ಮಣಿಕಟ್ಟು ಅಲುಗಿದರೆ ಸಾಕು, ಎರಡನೆಯದಕ್ಕೆ ಒಂದು ಮೂಲೆಯಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಹಿಡಿ ಸುಮಾರು 180 ಡಿಗ್ರಿ ಉರುಳಬೇಕು. ಒಂದು ಉಳಿಗೆ ಒಗ್ಗಿದ ಕೈ ಅದೇ ಲಯದಲ್ಲಿ ಇನ್ನೊಂದನ್ನು ಮಸೆದಾಗಲೇ ಈ ದೋಷ ಹುಟ್ಟುವುದು ಹೆಚ್ಚು. ಅಲೆಅಲೆಯಾದ ಅಂಚಿಗೆ ಕಾರಣ ಹೊರಳುವಾಗ ನಡುನಡುವೆ ತಡೆದು ನಿಲ್ಲುವುದು. ಎಂಟರ ಆಕಾರದಲ್ಲಿ ಮಸೆಯುವ ಪದ್ಧತಿಯನ್ನು ಕೆಲವರು ಕಲಿಸುತ್ತಾರೆ. ಅಭ್ಯಾಸವಿಲ್ಲದ ಕೈಗೆ ಅದರಲ್ಲಿ ವೇಗವನ್ನೂ ತಿರುವನ್ನೂ ಒಟ್ಟಿಗೆ ಹಿಡಿತದಲ್ಲಿಡುವುದು ಕಷ್ಟ, ಹಾಗಾಗಿ ಅಡ್ಡಡ್ಡ ಸರಿಸುವುದೇ ಮೇಲು ಎಂಬುದು ನನ್ನ ಅಭಿಪ್ರಾಯ.

ಆಕಾರ ಕೆಟ್ಟ ಬಾಯಿಯನ್ನು ಓರೆಮುಖದ ಕಡೆಯಿಂದ ಅಲ್ಲಲ್ಲಿ ತಿದ್ದಲು ಹೋಗಬಾರದು. ಉಳಿಯನ್ನು ಕಲ್ಲಿನ ಮೇಲೆ ನೆಟ್ಟಗೆ ನಿಲ್ಲಿಸಿ, ಅಂಚನ್ನೇ ಕಲ್ಲಿಗೆ ಒತ್ತಿ, ಎಲ್ಲ ಭಾಗವೂ ಒಂದೇ ಮಟ್ಟಕ್ಕೆ ಬರುವವರೆಗೆ ಉಜ್ಜಬೇಕು. ಇರುವ ಹರಿತವನ್ನೂ ಕಳೆಯುವ ಈ ಕೆಲಸಕ್ಕೆ ಮನಸ್ಸು ಹಿಂಜರಿಯುತ್ತದೆ, ಆದರೆ ಇದನ್ನು ತಪ್ಪಿಸಿ ಆಕಾರವನ್ನು ಸರಿಪಡಿಸುವ ದಾರಿ ಇಲ್ಲ. ಹೀಗೆ ಮಟ್ಟ ಮಾಡಿದ ಬಾಯಿಯನ್ನು ಎದುರಿನಿಂದ ನೋಡಿದರೆ ಒಂದು ಬಿಳಿಯ ಕಮಾನು ಕಾಣುತ್ತದೆ. ಇಲ್ಲಿಂದ ಮುಂದೆ ಆ ಕಮಾನೇ ನಕ್ಷೆ: ಅದು ದಪ್ಪವಾಗಿರುವಲ್ಲಿ ಹೆಚ್ಚು, ತೆಳುವಾಗಿರುವಲ್ಲಿ ಕಡಿಮೆ ಸವೆಸುತ್ತಾ, ಮೊದಲು ಎಲ್ಲೆಡೆ ಒಂದೇ ದಪ್ಪಕ್ಕೆ ತಂದು, ಆಮೇಲೆ ಒಟ್ಟಾಗಿ ತೆಳುವಾಗಿಸಿ ಮಾಯವಾಗಿಸಬೇಕು. ಒಂದೆಡೆ ಅದು ಅಳಿಸಿಹೋದ ಮೇಲೂ ಅಲ್ಲಿ ಉಜ್ಜುತ್ತಿದ್ದರೆ ಅಂಚು ಮತ್ತೆ ಹಿಂದೆ ಸರಿದು ಹಳೆಯ ದೋಷವೇ ಮರಳುತ್ತದೆ. 220ರಿಂದ 400 ಗ್ರಿಟ್‌ನ (ಕಲ್ಲಿನ ಕಣದ ನಯವನ್ನು ಹೇಳುವ ಸಂಖ್ಯೆ, ಹೆಚ್ಚಿದಷ್ಟೂ ನಯ) ಕಲ್ಲಿನಲ್ಲಿ ಕಮಾನನ್ನು ಕೂದಲೆಳೆಯಷ್ಟು ಉಳಿಸಿಕೊಂಡು, ಅದನ್ನು ಅಳಿಸುವ ಕೆಲಸವನ್ನು 1000 ಗ್ರಿಟ್‌ನ ಕಲ್ಲಿಗೆ ಬಿಡುವುದು ಸುರಕ್ಷಿತ.

ಕಲ್ಲು ಓರೆಮುಖವನ್ನು ಎಲ್ಲಿ ತಾಗುತ್ತಿದೆ ಎಂಬ ಸಂದೇಹ ಬಂದರೆ, ಓರೆಮುಖಕ್ಕೆ ಪೂರ್ತಿಯಾಗಿ ಮಾರ್ಕರ್ ಮಸಿ ಬಳಿದು ನಾಲ್ಕೈದು ಸಲ ಮಸೆದು ನೋಡಬೇಕು. ಮಸಿ ಹಿಂಭಾಗದಲ್ಲಿ ಮಾತ್ರ ಹೋಗಿದ್ದರೆ ಹಿಡಿ ತೀರಾ ಕೆಳಗಿದೆ; ಅಂಚಿನ ಬಳಿ ಮಾತ್ರ ಹೋಗಿದ್ದರೆ ಹಿಡಿ ಮೇಲೆದ್ದಿದೆ.

ಹರಿತ ಬಂದೇ ಬರದಿದ್ದರೆ

ಒಂದು ಬದಿಯಿಂದ ಸವೆಸುತ್ತಾ ಹೋದಾಗ, ಕಲ್ಲು ಅಂಚನ್ನು ಮುಟ್ಟಿದ ಮೇಲೆ, ತೆಳುವಾದ ಉಕ್ಕಿನ ಎಳೆಯೊಂದು ಎದುರು ಬದಿಗೆ ಮಗುಚಿಕೊಳ್ಳುತ್ತದೆ. ಇದೇ ಬರ್. ಉಗುರನ್ನು ಉಳಿಯ ಒಳಮೈಯಿಂದ ಅಂಚಿನ ಕಡೆಗೆ ಹೊರಕ್ಕೆ ಜಾರಿಸಿದರೆ ಅದು ತಡೆಯುತ್ತದೆ. ಬರ್ ಎದ್ದಿಲ್ಲವೆಂದರೆ ಕಲ್ಲು ಇನ್ನೂ ಅಂಚಿಗೆ ತಲುಪಿಲ್ಲ. ಅಂಥ ಹೊತ್ತಿನಲ್ಲಿ ಇನ್ನೂ ನಯವಾದ ಕಲ್ಲಿಗೆ ಹೋಗುವುದು ಮೊಂಡು ಅಂಚಿಗೆ ಹೊಳಪು ಕೊಟ್ಟಂತೆ. ಬರ್ ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಎಲ್ಲಿಯೂ ಕಡಿಯದೆ ಸಿಗಬೇಕು. ಗೌಜ್‌ಗಳಲ್ಲಿ ಅದು ಮಧ್ಯಕ್ಕೂ ಮೂಲೆಗೂ ನಡುವಿನ ಎರಡು ಜಾಗಗಳಲ್ಲಿ ತಪ್ಪಿಹೋಗುವುದು ಸಾಮಾನ್ಯ, ಆದ್ದರಿಂದ ಉಗುರಿನಿಂದ ಒಂದೇ ಕಡೆ ಮುಟ್ಟಿ ನೋಡಿ ತೃಪ್ತಿಪಡಬಾರದು.

ಇದಕ್ಕೆ ಹತ್ತಿರದ ಇನ್ನೊಂದು ದೂರಿದೆ: ಮಸೆದ ಕೂಡಲೇ ಉಳಿ ಚೆನ್ನಾಗಿ ಕೊರೆಯುತ್ತದೆ, ಕೆಲವು ಗೆರೆಗಳಾಗುವಷ್ಟರಲ್ಲಿ ಮೊಂಡಾಗುತ್ತದೆ. ಇಲ್ಲಿ ಕೊರೆಯುತ್ತಿದ್ದದ್ದು ಅಂಚಲ್ಲ, ತೆಗೆಯದೇ ಉಳಿದ ಬರ್. ಅದು ಮರದಲ್ಲಿ ಮುರಿದುಹೋದಾಗ ಹಿಂದೆ ಹರಕು ಅಂಚನ್ನು ಬಿಟ್ಟುಹೋಗುತ್ತದೆ. ಹೊರಗಿನಿಂದ ಮಸೆದ ಉಳಿಯ ಬರ್ ಅನ್ನು ಒಳಗಿನಿಂದ ತೆಗೆಯಬೇಕು. ಅದಕ್ಕೆ ಉಳಿಯ ಬಾಗಿಗಿಂತ ತುಸು ಹೆಚ್ಚು ಬಾಗಿದ, ಸಣ್ಣ ಸ್ಲಿಪ್ ಕಲ್ಲು, ಅಂದರೆ ಕೈಯಲ್ಲಿ ಹಿಡಿದು ಉಜ್ಜುವ ದುಂಡಂಚಿನ ಸಾಣೆಕಲ್ಲು, ಬೇಕು. ಉಳಿಗಿಂತ ಚಪ್ಪಟೆಯಾದ ಸ್ಲಿಪ್ ಕಲ್ಲನ್ನು ಹಾಕಿದರೆ ಅದರ ಎರಡು ಅಂಚುಗಳೇ ಒಳಮೈಯಲ್ಲಿ ಗೀರು ಕೊರೆಯುತ್ತವೆ. ಆಮೇಲೆ ಹೊರಗೊಮ್ಮೆ, ಒಳಗೊಮ್ಮೆ ಬರಬರುತ್ತಾ ಹಗುರವಾಗಿ ಎಳೆಯುತ್ತಾ ಬರ್ ತಾನಾಗಿ ಉದುರುವಂತೆ ಮಾಡಬೇಕು.

ಒಳಮೈ ಬಹಳ ಸಲ ಮರೆತುಹೋಗುವ ಭಾಗ. ಅಂಚು ಎಂಬುದು ಎರಡು ಮೈಗಳು ಸೇರುವ ಗೆರೆಯಾದ್ದರಿಂದ, ಒಳಮೈಯಲ್ಲಿ ತುಕ್ಕು ತಿಂದ ಕುಳಿ ಅಥವಾ ಕಾರ್ಖಾನೆಯ ಸಾಣೆಯ ಗೀರು ಉಳಿದಿದ್ದರೆ ಅದು ಅಂಚನ್ನು ಸೇರುವಲ್ಲಿ ಮುಕ್ಕಾಗುತ್ತದೆ. ಹೊರಗಿನಿಂದ ಮಸೆದು ಮುಕ್ಕನ್ನು ತೆಗೆದರೂ ಅಂಚು ಹಿಂದೆ ಸರಿದಂತೆ ಅದೇ ಗೀರಿನ ಮುಂದಿನ ಭಾಗಕ್ಕೆ ಬಂದು ನಿಲ್ಲುತ್ತದೆ. ಬಿಳಿ ಗೀಟು ಪ್ರತಿ ಸಲವೂ ಅದೇ ಜಾಗದಲ್ಲಿ ಮರಳುತ್ತಿದ್ದರೆ ಮೊದಲು ಒಳಮೈಯನ್ನು ಬೆಳಕಿಗೆ ಹಿಡಿಯಬೇಕು.

ಉಳಿ ಜಾರುತ್ತದೆ, ಹಿಡಿಯನ್ನು ಎತ್ತಿದರೆ ಮಾತ್ರ ಕಚ್ಚುತ್ತದೆ

ಓರೆಮುಖವನ್ನು ಮರದ ಮೇಲೆ ಒರಗಿಸಿ ಹಗುರವಾಗಿ ತಳ್ಳುತ್ತಾ ಹಿಡಿಯನ್ನು ಸ್ವಲ್ಪಸ್ವಲ್ಪವೇ ಎತ್ತಿದಾಗ, ಓರೆಮುಖ ಮರಕ್ಕೆ ಸರಿಯಾಗಿ ಕೂತ ಕೋನದ ಆಸುಪಾಸಿನಲ್ಲೇ ಉಳಿ ಕಚ್ಚಬೇಕು. ಅದಕ್ಕಿಂತ ಬಹಳ ಎತ್ತಬೇಕಾಗಿ ಬಂದರೆ ಅಂಚಿನ ಬಳಿ ಓರೆಮುಖ ದುಂಡಗಾಗಿದೆ ಅಥವಾ ಕೋನವೇ ದೊಡ್ಡದಾಗಿದೆ. ಕೋನವನ್ನು ಅಳೆಯಲು ಉಪಕರಣ ಬೇಕಿಲ್ಲ. ಓರೆಮುಖದ ಉದ್ದ ಅದರ ಹಿಂಭಾಗದಲ್ಲಿರುವ ಉಕ್ಕಿನ ದಪ್ಪದ ಎರಡರಷ್ಟಿದ್ದರೆ ಕೋನ 30 ಡಿಗ್ರಿ, ಸುಮಾರು 2.4ರಷ್ಟಿದ್ದರೆ 25, ಸುಮಾರು 2.9ರಷ್ಟಿದ್ದರೆ 20. ಮೆದು ಮರವನ್ನು ಕೈಯಿಂದ ತಳ್ಳಿ ಕೊರೆಯುವುದಕ್ಕೆ 20ರಿಂದ 25 ಡಿಗ್ರಿ, ಗಟ್ಟಿ ಮರವನ್ನು ಕೊಡತಿಯಿಂದ ಹೊಡೆದು ಕೊರೆಯುವುದಕ್ಕೆ 25ರಿಂದ 30 ಡಿಗ್ರಿ ಸಾಮಾನ್ಯವಾಗಿ ಹೊಂದುತ್ತದೆ. ಒಳಗಿನಿಂದಲೂ ಸಣ್ಣ ಓರೆ ಇದ್ದರೆ ಅದನ್ನು ಹೊರಗಿನದಕ್ಕೆ ಕೂಡಿಸಿ ಲೆಕ್ಕ ಹಾಕಬೇಕು.

ಓರೆಮುಖ ದುಂಡಗಾಗಲು ಕಲ್ಲಿನಷ್ಟೇ, ಮಸೆದ ಮೇಲೆ ಅಂಚಿಗೆ ಹೊಳಪು ಕೊಡುವ ಚರ್ಮದ ಪಟ್ಟಿಯೂ ಕಾರಣ. ದಪ್ಪವಾದ ಮೆದು ಚರ್ಮದ ಮೇಲೆ ಉಳಿಯನ್ನು ಒತ್ತಿ ಎಳೆದಾಗ ಚರ್ಮ ತಗ್ಗಿ, ಅಂಚಿನ ಹಿಂದೆ ಮತ್ತೆ ಮೇಲೇಳುತ್ತದೆ, ಹಾಗೆ ಏಳುವಾಗ ಅಂಚನ್ನು ಸುತ್ತಿಕೊಂಡು ಸವೆಸುತ್ತದೆ. ಎಳೆತದ ಕೊನೆಯಲ್ಲಿ ಹಿಡಿಯನ್ನು ಎತ್ತುವ ಚಟವೂ ಇದನ್ನೇ ಮಾಡುತ್ತದೆ. ಪಟ್ಟಿ ತೆಳುವಾಗಿದ್ದು ಮರದ ಹಲಗೆಗೆ ಅಂಟಿಕೊಂಡಿರಲಿ. ಉಳಿಯನ್ನು ಯಾವಾಗಲೂ ಅಂಚು ಹಿಂದಾಗುವಂತೆ ಎಳೆಯಬೇಕು, ಕೊನೆಯಲ್ಲಿ ನಿಲ್ಲಿಸಿ ಆಮೇಲೆ ಎತ್ತಬೇಕು. ಗೌಜ್‌ಗೆ ಇದಕ್ಕಿಂತಲೂ ಒಪ್ಪುವ ಉಪಾಯವೆಂದರೆ, ಅದೇ ಉಳಿಯಿಂದ ಮೆದು ಮರದ ತುಂಡಿನಲ್ಲಿ ನಾರಿನ ಜೊತೆಗೆ ಒಂದು ಗೆರೆ ಕೊರೆದು, ಹಸಿರು ಬಣ್ಣದ ಕ್ರೋಮಿಯಂ ಆಕ್ಸೈಡ್ ಮುಲಾಮನ್ನು ಆ ಗೆರೆಗೆ ಸವರಿ, ಓರೆಮುಖವನ್ನು ಅದರಲ್ಲಿ ಎಳೆಯುವುದು. ಗೆರೆ ಉಳಿಯ ಬಾಗಿಗೇ ಸರಿಹೊಂದಿರುವುದರಿಂದ ಹೊರಳಿಸುವ ತಾಪತ್ರಯವಿಲ್ಲ.

ಉಕ್ಕಿನ ದೋಷ

ಅಂಚು ಉದುರುತ್ತಿದೆಯೋ ಮಡಚಿಕೊಳ್ಳುತ್ತಿದೆಯೋ ಎಂಬುದನ್ನು ಮೊದಲು ನೋಡಬೇಕು. ಉದುರುವ ಅಂಚಿನ ಕೋನವನ್ನು ಎರಡು ಮೂರು ಡಿಗ್ರಿ ಹೆಚ್ಚಿಸಿದರೆ ಸಾಮಾನ್ಯವಾಗಿ ನಿಲ್ಲುತ್ತದೆ. ಮಡಚಿಕೊಳ್ಳುವ ಅಂಚಿನಲ್ಲಿ ಕೋನ ಸರಿಯಾಗಿದ್ದರೆ ಹದ ಕೆಟ್ಟಿರುವ ಸಾಧ್ಯತೆಯೇ ಹೆಚ್ಚು. ಇಂಗಾಲದ ಉಕ್ಕನ್ನು ವೇಗದ ಗ್ರೈಂಡರ್‌ಗೆ ಹಿಡಿದಾಗ ತೆಳುವಾದ ಬಾಯಿ ಕಣ್ಣೆವೆ ಮುಚ್ಚುವುದರೊಳಗೆ ಬಿಸಿಯೇರುತ್ತದೆ: 220 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಒಣಹುಲ್ಲಿನ ಬಣ್ಣ, ಆಮೇಲೆ ಕಂದು, ನೇರಳೆ, 300ರ ಹತ್ತಿರ ನೀಲಿ. ನೀಲಿಗಟ್ಟಿದ ಭಾಗದ ಗಡಸು ಇಳಿದುಹೋಗಿದೆ. ಬಣ್ಣವನ್ನು ಉಜ್ಜಿ ತೆಗೆದರೂ ಗಡಸು ಹಿಂದಿರುಗುವುದಿಲ್ಲ. ನೀಲಿ ಕಂಡಷ್ಟನ್ನೂ ಸವೆಸಿ ಹಿಂದಿನ ಒಳ್ಳೆಯ ಉಕ್ಕಿಗೆ ಹೋಗಬೇಕು, ಅದೂ ಈ ಸಲ ಮತ್ತೆ ಮತ್ತೆ ನೀರಿಗೆ ಅದ್ದುತ್ತಾ. ಹೈ ಸ್ಪೀಡ್ ಉಕ್ಕಿನ ಉಪಕರಣಗಳು ಇದಕ್ಕಿಂತ ಬಹಳ ಹೆಚ್ಚಿನ ಶಾಖವನ್ನು ತಡೆಯುತ್ತವೆ, ಅವುಗಳ ಮೇಲೆ ನೀಲಿ ಕಂಡರೆ ಗಾಬರಿ ಬೇಡ.

ವಿ ಉಳಿ ಮತ್ತು ಇತರ ಬಾಗಿದ ಉಪಕರಣಗಳು

ವಿ ಆಕಾರದ ಉಳಿಯನ್ನು ಎರಡು ಚಪ್ಪಟೆ ಉಳಿಗಳು ಒಂದು ಸಣ್ಣ ಗೌಜ್‌ನಲ್ಲಿ ಸೇರಿದಂತೆ ಎಣಿಸಿದರೆ ಅದರ ದೋಷಗಳು ಅರ್ಥವಾಗುತ್ತವೆ. ಎರಡು ರೆಕ್ಕೆಗಳು ಕೂಡುವಲ್ಲಿ ಉಕ್ಕು ದಪ್ಪವಾಗಿರುತ್ತದೆ. ರೆಕ್ಕೆಗಳನ್ನು ಮಾತ್ರ ಮಸೆದು ಆ ಕೂಡುಜಾಗವನ್ನು ಬಿಟ್ಟರೆ ಅಲ್ಲಿ ಒಂದು ಕೊಕ್ಕೆ ಮುಂದೆ ಚಾಚುತ್ತದೆ. ಕೊಕ್ಕೆಯನ್ನು ತೆಗೆಯಲು ಹೋಗಿ ರೆಕ್ಕೆಗಳನ್ನೇ ಇನ್ನಷ್ಟು ಸವೆಸುವುದು ತಪ್ಪು. ಕೂಡುಜಾಗದ ಹೊರಮೂಲೆಯನ್ನು ಸಣ್ಣ ಗೌಜ್‌ನಂತೆ ಹೊರಳಿಸಿ ದುಂಡಗೆ ಮಾಡಬೇಕು. ಅತಿಯಾದರೆ ಅಲ್ಲಿ ಮುಕ್ಕು ಬಿದ್ದು ಗೆರೆಯ ತಳ ಹರಿಯುತ್ತದೆ, ಆಗ ಬಾಯಿಯನ್ನು ಮಟ್ಟ ಮಾಡಿ ಮೊದಲಿನಿಂದ ಆರಂಭಿಸುವುದೇ ಸರಿ. ಒಂದು ರೆಕ್ಕೆ ಹರಿತವಾದರೂ ಇನ್ನೊಂದು ಹಿಂದುಳಿಯುತ್ತಿದ್ದರೆ ರೆಕ್ಕೆಗಳ ದಪ್ಪವೇ ಬೇರೆಬೇರೆಯಾಗಿದೆಯೇ ಎಂದು ಬಾಯಿಯ ಎದುರಿನಿಂದ ನೋಡಿಕೊಳ್ಳಬೇಕು.

ಚಮಚ ಕೆತ್ತುವ ಕೊಕ್ಕೆ ಚಾಕುವಿನಲ್ಲಿ ಉಪಕರಣವನ್ನು ಸ್ಥಿರವಾಗಿ ಹಿಡಿದು ಕಲ್ಲನ್ನೇ ಓಡಿಸುವುದು ಸುಲಭ. ಒಳಮೈಗೆ ನಯವಾದ ನೀರುಕಾಗದ (ಒದ್ದೆ ಮಾಡಿ ಬಳಸುವ ಮರಳುಕಾಗದ) ಸುತ್ತಿದ ದುಂಡನೆಯ ಮರದ ಕಡ್ಡಿ ಸಾಕು. ಬಾಗಿದ ಬಾಯಿಯ ಬಾಚಿಯ ಒಳಮೈಗೂ ಇದೇ ವಿಧಾನ, ಕಡ್ಡಿ ಮಾತ್ರ ದಪ್ಪವಾಗಿರಬೇಕು.

ಕಲ್ಲಿನ ಪರೀಕ್ಷೆ

ಎಲ್ಲವೂ ಸರಿಯಿದ್ದು ಓರೆಮುಖದ ಮೇಲೆ ಒಂಟಿಯಾದ ಆಳವಾದ ಗೀರು ಮತ್ತೆ ಮತ್ತೆ ಕಂಡರೆ, ಒರಟು ಕಲ್ಲಿನ ಕಣ ನಯವಾದ ಕಲ್ಲಿನ ಮೇಲೆ ಬಂದು ಕೂತಿದೆ. ಕಲ್ಲು ಬದಲಿಸುವಾಗ ಉಳಿಯನ್ನೂ ಕೈಯನ್ನೂ ತೊಳೆಯಬೇಕು. ಎಣ್ಣೆಗಲ್ಲು ಉಕ್ಕನ್ನು ಕಚ್ಚದೆ ಜಾರುತ್ತಿದ್ದರೆ ಅದರ ರಂಧ್ರಗಳು ಉಕ್ಕಿನ ಪುಡಿಯಿಂದ ತುಂಬಿವೆ, ಸೀಮೆಎಣ್ಣೆಯಲ್ಲಿ ಉಜ್ಜಿ ತೊಳೆದರೆ ಸರಿಹೋಗುತ್ತದೆ. ನೀರುಗಲ್ಲಿಗೆ ಎಣ್ಣೆ ತಾಗಬಾರದು. ಗೌಜ್‌ನಿಂದ ಕಲ್ಲಿನಲ್ಲಿ ತಗ್ಗು ಬಿದ್ದಿದ್ದರೆ, ಗಾಜಿನ ಹಲಗೆಯ ಮೇಲೆ ಒರಟು ನೀರುಕಾಗದವಿಟ್ಟು, ಕಲ್ಲಿನ ಮೈಗೆ ಪೆನ್ಸಿಲ್‌ನಿಂದ ಚೌಕಗೆರೆಗಳನ್ನು ಎಳೆದು, ಆ ಗೆರೆಗಳೆಲ್ಲ ಅಳಿಯುವವರೆಗೆ ಕಲ್ಲನ್ನು ಅದರ ಮೇಲೆ ಉಜ್ಜಬೇಕು.